ಯಂತ್ರಕವಚವೂ ಅಭಾವವಿಚಾರವೂ

ಯಂತ್ರದ ಚಲಿಸುವ ಅಂಗಗಳನ್ನು ಮರೆಮಾಡುವುದಕ್ಕಾಗಿ ತಗಡಿನಿಂದಲೋ ಜಾಲರಿಯಿಂದಲೋ ರಚಿಸಿ ಕೂಡಿಸುವ ಹೊರಕವಚದಲ್ಲಿ ತತ್ತ್ವವಿಚಾರಕ್ಕೆ ಎಡೆಯಿದೆಯೆಂದರೆ ಕೆಲವರಿಗಾದರೂ ಅದು ವಿಪರೀತವೆನಿಸೀತು. ಆದರೆ ಆ ಕವಚದ ಫಲವೇನೆಂದು ಕೇಳಿಕೊಂಡ ಕೂಡಲೆ, ನಮ್ಮ ತಾರ್ಕಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯೊಂದು ಎದುರಾಗುತ್ತದೆ. ಗಿರಣಿಯ ಕಲ್ಲಿನ ಫಲ ಹಿಟ್ಟು, ಮಗ್ಗದ ಫಲ ಬಟ್ಟೆ. ಇವು ಕಣ್ಣಿಗೆ ಕಾಣುವಂಥವು, ತೂಕಕ್ಕೂ ಅಳತೆಗೂ ಸಿಕ್ಕುವಂಥವು. ಕವಚದ ಫಲವಾದರೋ ನಡೆಯದೆ ಹೋದ ಒಂದು ಸಂಗತಿ. ನಡೆಯದ ಸಂಗತಿಗೂ ಕಾರಣವೆಂಬುದುಂಟೆ? ಒಂದು ಇಲ್ಲದಿರುವಿಕೆಗೂ ಇನ್ನೊಂದು ಇಲ್ಲದಿರುವಿಕೆಗೂ ಭೇದವುಂಟೆ?

ಉಂಟೆಂಬುದೇ ನ್ಯಾಯವೈಶೇಷಿಕರ ಉತ್ತರ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಬಾಲವಿದ್ಯಾರ್ಥಿಯೂ ಅಭಾವವು ಏಳನೆಯ ಪದಾರ್ಥವೆಂದೂ ಅದು ನಾಲ್ಕು ಬಗೆಯದೆಂದೂ ಬಲ್ಲನು. ಅನ್ಯೋನ್ಯಾಭಾವವನ್ನು ಇಲ್ಲಿ ಬಿಡೋಣ. ವಸ್ತುವು ಹುಟ್ಟುವುದಕ್ಕೆ ಮೊದಲು ಇರುವ ಅದರ ಅಭಾವವು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ವಸ್ತುವು ನಾಶವಾದ ಮೇಲೆ ಒದಗುವುದು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. ಮೂರು ಕಾಲಗಳಲ್ಲಿಯೂ ಇರತಕ್ಕದ್ದು ಅತ್ಯಂತಾಭಾವ. ಇದನ್ನು ಶುಷ್ಕಪಾಂಡಿತ್ಯವೆಂದು ಬದಿಗಿಡುವವರು ಹಳ್ಳಿಯ ಹಿಟ್ಟಿನ ಗಿರಣಿಯೊಂದರ ಮುಂದೆ ನಿಂತು ಮತ್ತೊಮ್ಮೆ ಯೋಚಿಸಬೇಕು.

ಗಿರಣಿಯಲ್ಲಿ ಮೋಟಾರಿನಿಂದ ಬೀಸುವ ಕಲ್ಲಿನವರೆಗೆ ಬೆಲ್ಟು ಹಾದಿರುತ್ತದೆ. ಬೆಲ್ಟು ಪುಲ್ಲಿಯನ್ನು ಮುಟ್ಟುವೆಡೆಯ ಸಂದಿನಲ್ಲಿ ಸೆರಗಿನ ತುದಿಯಾಗಲಿ, ಜಡೆಯಾಗಲಿ, ಪಂಚೆಯ ಅಂಚಾಗಲಿ ಸಿಕ್ಕಿತೆಂದರೆ, ಸಿಕ್ಕಿತೆಂದು ಅರಿವಾಗುವ ಮೊದಲೇ ಅದರ ಹಿಂದೆ ದೇಹವೂ ಸೆಳೆಯಲ್ಪಡುತ್ತದೆ. ರಾಗಿಯ ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಸರದಿಗಾಗಿ ಕಾದು ನಿಂತ ಹೆಂಗಸರಿಗೂ ಆ ಬೆಲ್ಟಿಗೂ ನಡುವೆ ಎಷ್ಟೋ ಕಡೆಗಳಲ್ಲಿ ಒಂದು ಹಲಗೆಯ ಅಡ್ಡವೂ ಇರುವುದಿಲ್ಲ. ಕೇಳಿದರೆ, “ಇಷ್ಟು ವರ್ಷದಿಂದ ನಡೆಸ್ತಾ ಇದೀವಿ ಸ್ವಾಮಿ, ಏನೂ ಆಗಿಲ್ಲ” ಎಂಬ ಉತ್ತರ ಬರುತ್ತದೆ. ಆ ಮಾತು ಸುಳ್ಳಲ್ಲ. ಅಪಘಾತದ ಅಭಾವವು ಅಲ್ಲಿ ನಿಜವಾಗಿಯೂ ಇದೆ. ಆದರೆ ಅದು ಯಾವ ಅಭಾವ? ನಾಳೆ ಬೆಳಗ್ಗೆ ಕೊನೆಗೊಳ್ಳಬಹುದಾದ ಪ್ರಾಗಭಾವಕ್ಕೂ ಎಂದಿಗೂ ಕೊನೆಗೊಳ್ಳದ ಅತ್ಯಂತಾಭಾವಕ್ಕೂ ಹೊರನೋಟದಲ್ಲಿ ವ್ಯತ್ಯಾಸವೇ ಕಾಣುವುದಿಲ್ಲವಾದ್ದರಿಂದ, ಕಳೆದ ವರ್ಷಗಳ ಲೆಕ್ಕವು ಇಲ್ಲಿ ಪ್ರಮಾಣವಾಗಲಾರದು.

ಪ್ರಾಗಭಾವವೆಂಬುದು ಹುಟ್ಟಿಯೇ ತೀರುವ ವಸ್ತುವಿಗೆ ಸಂಬಂಧಿಸಿದ್ದು, ಹುಟ್ಟುವುದೋ ಇಲ್ಲವೋ ತಿಳಿಯದ ಅಪಘಾತಕ್ಕೆ ಆ ಹೆಸರು ಸಲ್ಲದು ಎಂದು ತಾರ್ಕಿಕನು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ, ಸಮಾಧಾನವೂ ಅವನ ಶಾಸ್ತ್ರದಲ್ಲಿಯೇ ಇದೆ. ಕಾರಣಸಾಮಗ್ರಿಯು ಪೂರ್ಣವಾದೊಡನೆ ಕಾರ್ಯವು ಹುಟ್ಟಿಯೇ ತೀರಬೇಕೆಂಬುದು ಅವನ ಸಿದ್ಧಾಂತವಾಗಿರುವುದರಿಂದ ನಾವು ಕಾರಣಗಳನ್ನು ಎಣಿಸಿ ನೋಡಿದರಾಯಿತು. ತಿರುಗುವ ಬೆಲ್ಟು ಇದೆ, ಸಂದು ಇದೆ, ಜೋಲುವ ಸೆರಗು ಇದೆ. ಉಳಿದದ್ದು ಕ್ಷಣಕಾಲದ ಅನವಧಾನವೊಂದೇ. ಮನಸ್ಸಿನ ಚಾಂಚಲ್ಯವನ್ನು ಕುರಿತು ಗೀತೆಯಲ್ಲಿ ಅರ್ಜುನನಂಥವನೇ ಮೊರೆಯಿಟ್ಟಿರುವಾಗ, ಬೆಳಗಿನಿಂದ ಹೊಲದಲ್ಲಿ ದುಡಿದು ಬಂದ ತಾಯಿಯೊಬ್ಬಳು ಆ ಸದ್ದು ಧೂಳುಗಳ ನಡುವೆ ಒಂದು ಕ್ಷಣವೂ ಮೈಮರೆಯಕೂಡದೆಂದು ವಿಧಿಸುವ ಅಧಿಕಾರ ನಮಗೆಲ್ಲಿಯದು?

ಶಾಸ್ತ್ರಗ್ರಂಥಗಳಲ್ಲಿ ದಾಹವನ್ನು ತಡೆಯುವ ಮಣಿಯ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಬೆಂಕಿಯೂ ಇದೆ, ಸೌದೆಯೂ ಇದೆ. ಮಣಿಯು ಸನ್ನಿಧಿಯಲ್ಲಿರುವಷ್ಟು ಕಾಲ ಸುಡುವುದಿಲ್ಲ, ತೆಗೆದೊಡನೆ ಸುಡುತ್ತದೆ. ಆದುದರಿಂದ ನೈಯಾಯಿಕರು ಪ್ರತಿಬಂಧಕದ ಅಭಾವವನ್ನೂ ಕಾರಣಗಳಲ್ಲಿ ಒಂದಾಗಿ ಗಣಿಸಿದರು. ಯಂತ್ರಕವಚವು ಅಂಥ ಪ್ರತಿಬಂಧಕ. ಹಾಗಿದ್ದ ಮೇಲೆ, ಕವಚವಿಲ್ಲದ ಯಂತ್ರವನ್ನು ಮಾಡಿ ಮಾರಿದವನನ್ನು ಒಂದು ಉಪಕಾರವನ್ನು ಮಾಡದೆ ಬಿಟ್ಟವನೆಂದಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ಅಪಘಾತದ ಕಾರಣಗಳಲ್ಲೊಂದನ್ನು ಅವನು ಸ್ವಹಸ್ತದಿಂದ ಒದಗಿಸಿದ್ದಾನೆ. ಕೈ ಕಳೆದುಕೊಂಡವಳ ಹಣೆಬರಹವೆಂದೋ ಪ್ರಾರಬ್ಧವೆಂದೋ ಹೇಳುವವರು ಈ ಒಂದು ಕಾರಣವನ್ನು ಎಣಿಕೆಯಿಂದ ಬಿಟ್ಟುಬಿಡುತ್ತಾರೆ. ಕರ್ಮಸಿದ್ಧಾಂತವನ್ನು ಹಾಗೆ ಬಳಸುವುದು ಅದಕ್ಕೆ ಮಾಡುವ ಅಪಚಾರವೆಂದೇ ನಾನು ತಿಳಿದಿದ್ದೇನೆ. ತುಂಡಾದ ಬೆರಳಿನ ಅಭಾವವು ಪ್ರಧ್ವಂಸಾಭಾವ, ಅದಕ್ಕೆ ಅಂತ್ಯವಿಲ್ಲ.

ರಾಜಶಾಸನವು ಈ ವಿವೇಕಕ್ಕೆ ಬಂದದ್ದು ನಿಧಾನವಾಗಿ. ಇಂಗ್ಲೆಂಡಿನಲ್ಲಿ 1844ರ ಕಾರ್ಖಾನೆ ಶಾಸನವು ಯಂತ್ರಗಳಿಗೆ ಬೇಲಿ ಹಾಕಬೇಕೆಂದು ವಿಧಿಸಿತು. ನಮ್ಮ ದೇಶದ ಮೊದಲ ಕಾರ್ಖಾನೆ ಶಾಸನ 1881ರದು. 1948ರ ಶಾಸನದ 21ನೆಯ ಪ್ರಕರಣವು ಕವಚವು ಗಟ್ಟಿಮುಟ್ಟಾಗಿರಬೇಕೆಂದೂ ಯಂತ್ರವು ಚಲಿಸುತ್ತಿರುವಷ್ಟು ಹೊತ್ತೂ ಸ್ವಸ್ಥಾನದಲ್ಲಿರಬೇಕೆಂದೂ ಹೇಳಿತು. ಆದರೆ ವಿದ್ಯುಚ್ಛಕ್ತಿಯನ್ನು ಬಳಸಿ 10 ಮಂದಿಯೋ ಹೆಚ್ಚೋ ದುಡಿಯುವ ಸ್ಥಳವನ್ನು ಅದು ಕಾರ್ಖಾನೆಯೆಂದು ಕರೆದದ್ದರಿಂದ, ಒಬ್ಬಿಬ್ಬರು ನಡೆಸುವ ಹಳ್ಳಿಯ ಗಿರಣಿಯು ಸಾಮಾನ್ಯವಾಗಿ ಆ ವ್ಯಾಪ್ತಿಯ ಹೊರಗೇ ಉಳಿಯಿತು. ಶಾಸನದ ಕೈ ನಿಂತ ಆ ಜಾಗದಲ್ಲಿ ಉಳಿಯುವುದು ಧರ್ಮವೊಂದೇ.

ಈ ಧರ್ಮವು ಕವಚದ ಕುಶಲಕರ್ಮದಲ್ಲಿ ಸೂಕ್ಷ್ಮವಾಗಿ ಹರಡಿಕೊಂಡಿದೆ. ವಿದ್ಯುದ್ಯಂತ್ರಗಳ ಕವಚವನ್ನು ಪರೀಕ್ಷಿಸುವವರು 12 ಮಿಲಿಮೀಟರ್ ದಪ್ಪದ, 80 ಮಿಲಿಮೀಟರ್ ಉದ್ದದ ಕೃತಕ ಬೆರಳೊಂದನ್ನು ಅದರ ರಂಧ್ರಗಳಲ್ಲಿ ತೂರಿಸಿ ನೋಡುತ್ತಾರೆ. ಮನುಷ್ಯನ ಬೆರಳು ನೋಯುವ ಮೊದಲು ಲೋಹದ ಬೆರಳನ್ನು ಆ ಜಾಗಕ್ಕೆ ಕಳುಹಿಸುವ ಈ ಏರ್ಪಾಟಿನಲ್ಲಿ ನನಗೆ ಅಹಿಂಸೆಯ ಒಂದು ಶುದ್ಧ ರೂಪವು ಕಾಣುತ್ತದೆ. ಜಾಲರಿಯ ಕಣ್ಣು ದೊಡ್ಡದಾದಷ್ಟೂ ಅದನ್ನು ಅಪಾಯದ ಅಂಗದಿಂದ ದೂರವಿಡಬೇಕು. ವಿದ್ಯುತ್ತನ್ನು ತಡೆದ ಮೇಲೂ ಭಾರವಾದ ಚಕ್ರವು ತನ್ನ ವೇಗದಿಂದಲೇ ತಿರುಗುತ್ತಿರುವುದರಿಂದ, ಅದು ನಿಲ್ಲುವ ತನಕ ಬಾಗಿಲು ತೆರೆಯದಂತೆ ಬೀಗವನ್ನು ಕೂಡಿಸಬೇಕು. ನಿಪುಣನಾದವನು ಬೇರಿಂಗಿಗೆ ಗ್ರೀಸು ತುಂಬುವ ಕೊಳವೆಯನ್ನು ಕವಚದ ಹೊರಕ್ಕೆ ತರುತ್ತಾನೆ. ಏಕೆಂದರೆ ದಿನದ ಕೆಲಸಕ್ಕೆ ಅಡ್ಡಿಯಾಗುವ ಕವಚವನ್ನು ಕೆಲಸಗಾರನು ಒಂದು ದಿನ ಬಿಚ್ಚಿ ಮೂಲೆಗಿಡುತ್ತಾನೆ, ಮಣಿಯನ್ನು ತೆಗೆದಂತಾಗುತ್ತದೆ. ಆ ದೋಷದಲ್ಲಿ ಬಿಚ್ಚಿದವನಿಗಿಂತ ರಚಿಸಿದವನ ಪಾಲೇ ಹೆಚ್ಚು. ಇವೆಲ್ಲಕ್ಕೂ ಮೊದಲು, ಅಪಾಯದ ಅಂಗವನ್ನೇ ಯಂತ್ರದಿಂದ ನಿವಾರಿಸಲು ಸಾಧ್ಯವೇ ಎಂದು ನೋಡಬೇಕೆಂದು ಇಂದಿನ ಯಂತ್ರಶಾಸ್ತ್ರವು ವಿಧಿಸುತ್ತದೆ, ಅದಾಗದಿದ್ದರೆ ಕವಚ, ಕವಚಕ್ಕೂ ಮೀರಿ ಉಳಿದದ್ದಕ್ಕೆ ಮಾತ್ರ ಎಚ್ಚರಿಕೆಯ ಫಲಕ. ಅತ್ಯಂತಾಭಾವದ ಕಡೆಗೆ ನಡೆಯುವ ದಾರಿ ಇದೇ. ನಮ್ಮಲ್ಲಿ ಬಹುಮಂದಿ ಫಲಕದಿಂದಲೇ ಆರಂಭಿಸಿ ಅಲ್ಲಿಯೇ ಮುಗಿಸಿಬಿಡುತ್ತಾರೆ.

ಕವಚವನ್ನು ರಚಿಸಿದವನಿಗೆ ತಾನು ಉಳಿಸಿದ ಕೈ ಯಾರದೆಂದು ಎಂದಿಗೂ ತಿಳಿಯುವುದಿಲ್ಲ. ಉಳಿದ ಕೈಯವಳಿಗೂ ತಿಳಿಯುವುದಿಲ್ಲ. ಕೃತಜ್ಞತೆ ಹುಟ್ಟುವುದಕ್ಕೂ ಆಸ್ಪದವಿಲ್ಲದ ಇಂಥ ಕರ್ಮವನ್ನು ಶ್ರದ್ಧೆಯಿಂದ ಮಾಡುವವರನ್ನು ನಾನು ಗೌರವಿಸುತ್ತೇನೆ. ಗಿರಣಿಯನ್ನೋ ಆಲೆಮನೆಯನ್ನೋ ನಡೆಸುತ್ತಿರುವ ಓದುಗರಲ್ಲಿ ನನ್ನದೊಂದು ವಿನಂತಿ: ಬೆಲ್ಟಿನ ಸುತ್ತ ಕೂಡಿಸುವ ಕಬ್ಬಿಣದ ಚೌಕಟ್ಟನ್ನೂ ಜಾಲರಿಯನ್ನೂ ಹತ್ತಿರದ ಪೇಟೆಯ ವೆಲ್ಡಿಂಗ್ ಅಂಗಡಿಯವನೇ ಮಾಡಿಕೊಡಬಲ್ಲನು, ಈ ವಾರವೇ ಅವನನ್ನು ಕರೆಸಿ ಅಳತೆ ಕೊಡಿ.