ಹಗ್ಗ ಹಿಡಿಯುವ ಕೈ

ಒಬ್ಬನ ಕಾಯಕವು ಮತ್ತೊಬ್ಬನ ಆಸರೆಯಿಲ್ಲದೆ ಸಾಗದು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರದಲ್ಲಿರುವ ಸೇಂಟ್ ಕಿಲ್ಡಾ ದ್ವೀಪಸಮೂಹದ ಕಥೆಯು ಈ ಸತ್ಯವನ್ನು ಮನಗಾಣಿಸುತ್ತದೆ.

ಅಲ್ಲಿನ ಹಿರ್ಟಾ ದ್ವೀಪದಲ್ಲಿ ಒಂದು ಪುಟ್ಟ ಊರು ಶತಮಾನಗಳ ಕಾಲ ಬಾಳಿತು. ಬಿರುಗಾಳಿಯ ನೆಲದಲ್ಲಿ ಬೆಳೆ ಅಲ್ಪ; ಕಡಲಹಕ್ಕಿಗಳೇ ಜೀವನಾಧಾರ. ಗಂಡಸರು ಬೆಳಿಗ್ಗೆ ಬೀದಿಯಲ್ಲಿ ಸಭೆ ಸೇರಿ ಅಂದಿನ ಕೆಲಸವನ್ನು ನಿಶ್ಚಯಿಸುವರು. ಒಬ್ಬನು ಸೊಂಟಕ್ಕೆ ಹಗ್ಗ ಬಿಗಿದು ಕಡಿದಾದ ಬಂಡೆಯಲ್ಲಿಳಿದರೆ, ಮೇಲೆ ನಿಂತವರ ಕೈಯಲ್ಲಿ ಅವನ ಪ್ರಾಣ. ದೊರೆತುದನ್ನು ಊರಿನ ಮನೆಗಳಿಗೆಲ್ಲ ಹಂಚುವರು. ದುಡಿಯಲಾರದವರಿಗೂ ಪಾಲು ತಪ್ಪದು. ಅವರ ಆಹಾರವು ಶರಣಪಥಕ್ಕೆ ಸಲ್ಲದು; ಆದರೆ ಆ ಹಂಚಿಕೆಯ ನೀತಿಯನ್ನು ದಾಸೋಹವನ್ನರಿತವರು ಗೌರವಿಸದಿರಲಾರರು.

ಆದರೆ ಕಾಲ ಬದಲಾಯಿತು. ಮೊದಲನೆಯ ಮಹಾಯುದ್ಧದ ತರುವಾಯ ತರುಣರು ಒಬ್ಬೊಬ್ಬರಾಗಿ ಹೊರನಾಡಿಗೆ ತೆರಳಿದರು. 1920ರಲ್ಲಿ 73 ಜನರಿದ್ದ ಊರಿನಲ್ಲಿ 1930ಕ್ಕೆ ಉಳಿದವರು ಕೇವಲ 36. ಹೋದವರಲ್ಲಿ ದೋಷವಿರಲಿಲ್ಲ, ಹೊಟ್ಟೆಯ ಚಿಂತೆ ಎಲ್ಲರಿಗೂ ಇದ್ದದ್ದೇ. ಆದರೆ ಒಬ್ಬೊಬ್ಬನು ಹೊರಟಾಗಲೂ ಹಗ್ಗ ಹಿಡಿಯುವ ಕೈಯೊಂದು ಕಡಿಮೆಯಾಯಿತು. ಉಳಿದವರು ತಮ್ಮನ್ನು ಬೇರೆಡೆಗೆ ಸಾಗಿಸಬೇಕೆಂದು ತಾವೇ ಸರ್ಕಾರಕ್ಕೆ ಬಿನ್ನವಿಸಿಕೊಂಡರು.

1930ರ ಆಗಸ್ಟ್ 29ರಂದು ಅವರು ಹಡಗನ್ನೇರಿದರು. ಹೊರಡುವ ಮುನ್ನ ಮನೆಮನೆಯಲ್ಲೂ ತಮ್ಮ ಧರ್ಮಗ್ರಂಥವಾದ ಬೈಬಲನ್ನು ತೆರೆದಿಟ್ಟು, ಅದರ ಬಳಿ ಓಟ್ಸ್ ಧಾನ್ಯದ ಪುಟ್ಟ ರಾಶಿಯನ್ನಿರಿಸಿ, ಬಾಗಿಲು ಹಾಕಿಕೊಂಡರು. ಅನ್ನವಿತ್ತ ನೆಲವನ್ನು ಅವರು ಶಪಿಸಲಿಲ್ಲ. ಬರಿದಾದ ಮನೆಯಲ್ಲಿಯೂ ದೇವರ ನುಡಿಯನ್ನೂ ಹಿಡಿಯಷ್ಟು ಕಾಳನ್ನೂ ಉಳಿಸಿ ನಡೆದರು. ಕೃತಜ್ಞತೆಯಿಂದ ಹೊರಡುವ ಬಗೆ ಇದು.

ಆದರೂ ಅಗಲಿಕೆಯ ನಿಜವಾದ ನೋವು ಕಾದಿದ್ದುದು ಆಚೆಯ ದಡದಲ್ಲಿ. ಮರಗಳಿಲ್ಲದ ದ್ವೀಪದಿಂದ ಬಂದವರಲ್ಲಿ ಹಲವರಿಗೆ ಅರಣ್ಯದಲ್ಲಿ ಕೆಲಸ ದೊರೆಯಿತು. ಕೂಲಿ ದೊರೆಯಿತು, ವೈದ್ಯನೂ ಹತ್ತಿರವಾದನು. ಆದರೆ ಒಂದೇ ಬೀದಿಯಲ್ಲಿದ್ದ ಮನೆಗಳು ದೂರದೂರವಾದವು. ಬೆಳಗಿನ ಸಭೆ ಮತ್ತೆ ಸೇರಲಿಲ್ಲ. ನೆಲವನ್ನು ಅಗಲಿದ್ದು ಒಂದು ದಿನ. ಒಬ್ಬರನ್ನೊಬ್ಬರು ಅಗಲಿದ್ದು ಉಳಿದ ಬಾಳೆಲ್ಲ.

ಮಕ್ಕಳನ್ನು ಉದ್ಯೋಗಕ್ಕಾಗಿ ಪರಊರಿಗೆ ಕಳುಹಿಸುವ ಗೃಹಸ್ಥರು ಇದನ್ನು ಚಿಂತಿಸಬೇಕು. ಹೋಗುವುದು ತಪ್ಪಲ್ಲ, ಹಗ್ಗವನ್ನು ಕೈಬಿಡುವುದು ತಪ್ಪು. ದೂರವಿದ್ದವನು ತನ್ನ ದುಡಿಮೆಯಲ್ಲಿ ಊರಿನ ಪಾಲನ್ನು ಮರೆಯದಿರಲಿ. ಊರಲ್ಲಿದ್ದವನು ನೆರೆಮನೆಯ ಮುಪ್ಪಿನವರ ಒಲೆ ಹೊತ್ತಿತೇ ಎಂದು ದಿನವೂ ವಿಚಾರಿಸಲಿ. ಊರು ಬರಿದಾದ ಮೇಲೆ ಮರುಗುವುದು ಸುಲಭ. ಜನರಿರುವಾಗಲೇ ಕೈಹಿಡಿದು ನಡೆಸುವುದೇ ಭಕ್ತನ ಲಕ್ಷಣ.