ತಿಂಡಿ ಹೊತ್ತಿನ ಭಾಷೆ

ಕುವೈತಿಗೆ ಬಂದ ಹೊಸದರಲ್ಲಿ, ಶಾಲೆಯ ಅರಬ್ಬಿ ಕಷ್ಟವಾಗುವುದು ನಮ್ಮ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಅರಬ್ ಮಕ್ಕಳಿಗೂ ಅದು ಹೊಸತೇ ಎಂದು ತಿಳಿದದ್ದು ಆಮೇಲೆ. ಇಲ್ಲಿಯವರ ಮನೆಯಲ್ಲಿ ಕಿಟಕಿಗೆ ‘ದರೀಶಾ’, ಸಿರಿಯಾದವರ ಮನೆಯಲ್ಲಿ ‘ಶುಬ್ಬಾಕ್’, ಪುಸ್ತಕದಲ್ಲಿ ‘ನಾಫಿದಾ’. ‘ಈಗ’ ಅನ್ನುವುದಕ್ಕೆ ಮನೆಯಲ್ಲಿ ‘ಅಲ್‌ಹೀನ್’, ಪುಸ್ತಕದಲ್ಲಿ ‘ಅಲ್‌ಆನ್’. ಈ ಪುಸ್ತಕದ ಭಾಷೆಯೇ ಫುಸ್ಹಾ. ಪತ್ರಿಕೆ, ವಾರ್ತೆ, ಪರೀಕ್ಷೆ ಎಲ್ಲ ಅದರಲ್ಲೇ. ಯಾವ ತಾಯಿಯೂ ಅದರಲ್ಲಿ ಮಗುವನ್ನು ಗದರುವುದಿಲ್ಲ. ನಮ್ಮ ಗ್ರಾಂಥಿಕಕ್ಕೂ ಆಡುಮಾತಿಗೂ ಇರುವ ದೂರ ಇದರ ಮುಂದೆ ಏನೂ ಅಲ್ಲ.

ಅಬ್ದುಲ್ಲಾ ದನ್ನಾನ್ ಎಂಬ ಭಾಷಾಶಿಕ್ಷಣ ತಜ್ಞರು ಇದಕ್ಕೊಂದು ದಾರಿ ಹುಡುಕಿದ್ದು ತಮ್ಮ ಮನೆಯಲ್ಲೇ. 1977ರಲ್ಲಿ ಹುಟ್ಟಿದ ಮಗನ ಜೊತೆ, ಅವನಿನ್ನೂ ತಿಂಗಳುಗಳ ಕೂಸಾಗಿದ್ದಾಗಿನಿಂದ, ಅವರು ಫುಸ್ಹಾ ಬಿಟ್ಟು ಬೇರೆ ಮಾತಾಡಲಿಲ್ಲ. ತಾಯಿ ಮಾತ್ರ ಡಮಾಸ್ಕಸ್ಸಿನ ಆಡುಮಾತನ್ನೇ ಆಡಿದರು. ಮೂರು ವರ್ಷ ತುಂಬುವ ಹೊತ್ತಿಗೆ ಹುಡುಗನಿಗೆ ಎರಡೂ ಸಲೀಸು: ಅಪ್ಪನಿಗೊಂದು, ಅಮ್ಮನಿಗೊಂದು. ದೊಡ್ಡವರೂ ತಡವರಿಸುವ ವಿಭಕ್ತಿಗಳನ್ನು ಅವನಿಗೆ ಯಾರೂ ಬಾಯಿಪಾಠ ಮಾಡಿಸಿರಲಿಲ್ಲ.

1988ರಲ್ಲಿ ಅವರು ಇದೇ ಕುವೈತಿನಲ್ಲಿ ಒಂದು ಶಿಶುವಿಹಾರ ತೆರೆದರು, 1992ರಲ್ಲಿ ಡಮಾಸ್ಕಸ್ಸಿನಲ್ಲಿ ಇನ್ನೊಂದು. ಮೊದಲು ತಯಾರಾಗಬೇಕಾದವರು ಮಕ್ಕಳಲ್ಲ, ಟೀಚರುಗಳು. ಓದಿ ಬರೆದವರಾದರೂ ಫುಸ್ಹಾದಲ್ಲಿ ‘ಮೂಗು ಒರೆಸಿಕೋ’ ಎಂದು ಅವರು ಯಾವತ್ತು ಹೇಳಿದ್ದರು! ಪಾಠ, ಆಟ, ಊಟ, ದಿನವಿಡೀ ಒಂದೇ ಭಾಷೆ. ಚೆಂಡು ಬೇಕಾದ ಮಗು ಚೆಂಡಿನ ಹೆಸರು ಕಲಿಯುತ್ತದೆ; ಪದಪಟ್ಟಿ ಯಾಕೆ?

ನನ್ನ ಚಿಂತೆ ಮಾತ್ರ ಅರಬ್ಬಿಯದಲ್ಲ, ಕನ್ನಡದ್ದು. ನಮ್ಮ ವಾರದ ಕನ್ನಡ ತರಗತಿಯಲ್ಲಿ ಮಗಳು ಹತ್ತು ಬಣ್ಣಗಳ ಹೆಸರು ಪಟಪಟನೆ ಒಪ್ಪಿಸುತ್ತಾಳೆ. ತಿಂಡಿ ಹೊತ್ತಿಗೆ ಬೇಕಾಗಿದ್ದು ಇನ್ನೊಂದು ಸೌಟು ಚಟ್ನಿ, ಕೇಳಿದ್ದು ಇಂಗ್ಲಿಷಿನಲ್ಲಿ. ಬಡಿಸುತ್ತಿದ್ದ ನಾನು ಉತ್ತರ ಕೊಟ್ಟಿದ್ದೂ ಇಂಗ್ಲಿಷಿನಲ್ಲೇ. ಅವಳನ್ನು ಬೈಯುವ ಬಾಯಿ ನನಗೆಲ್ಲಿದೆ?

ತರಗತಿಗೆ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರಲ್ಲಿ ಒಂದು ಬೇಡಿಕೆ. ಬಿಟ್ಟು ಕಾರಿಗೆ ವಾಪಸಾಗಬೇಡಿ, ತಿಂಡಿಯ ಅರ್ಧ ಗಂಟೆ ಒಳಗೇ ಇರಿ. ಇಡ್ಲಿ ಬಡಿಸುವಾಗ, ಚೆಲ್ಲಿದ ನೀರು ಒರೆಸುವಾಗ, ಕಳೆದ ಚಪ್ಪಲಿ ಹುಡುಕಿಕೊಡುವಾಗ ಕನ್ನಡದಲ್ಲೇ ಮಾತಾಡಿ. ಮುಂದಿನ ವಾರ ಚಟ್ನಿ ನಾನೇ ತರುತ್ತೇನೆ.