ಅಂಟಿದ ದೋಷವೂ ಹುಟ್ಟಿದ ದೋಷವೂ

ದೋಷವನ್ನು ಕಂಡೊಡನೆ ತಿದ್ದಲು ಹೊರಡುವುದು ಸಜ್ಜನರ ಸ್ವಭಾವ. ಆದರೆ ಆ ದೋಷವು ವಸ್ತುವಿನಲ್ಲಿಯೇ ಹುಟ್ಟಿದುದೋ, ಹೊರಗಿನಿಂದ ಬಂದು ಅಂಟಿಕೊಂಡುದೋ ಎಂಬುದನ್ನು ನಿರ್ಣಯಿಸದೆ ಮಾಡಿದ ತಿದ್ದುಪಡಿ ಎಷ್ಟೋ ವೇಳೆ ಹೊಸದೊಂದು ದೋಷಕ್ಕೆ ಕಾರಣವಾಗುತ್ತದೆ. ಇದು ಕೇವಲ ನೀತಿವಾಕ್ಯವಲ್ಲ. ಶೀತದೇಶಗಳ ಮೋಟಾರು ದುರಸ್ತಿಯ ಶಾಲೆಗಳಲ್ಲಿ ಇದು ಪ್ರತ್ಯಕ್ಷವಾಗಿ ಕಾಣುವ ಸತ್ಯ.

ಕೆನಡಾ ದೇಶದಲ್ಲಿಯೂ, ಅಮೆರಿಕದ ಮಿನೆಸೋಟ ಮೊದಲಾದ ಉತ್ತರದ ರಾಜ್ಯಗಳಲ್ಲಿಯೂ ಚಳಿಗಾಲದಲ್ಲಿ ರಸ್ತೆಗಳ ಮೇಲೆ ಹಿಮ ರಾಶಿಬೀಳುತ್ತದೆ. ಅದರಲ್ಲಿ ಚಲಿಸಿದ ಕಾರಿನ ಗಾಲಿಗಳ ರಿಮ್ಮಿನ ಒಳಮೈಯಲ್ಲಿ ಹಿಮ ತುಂಬಿಕೊಳ್ಳುತ್ತದೆ. ಕಾರನ್ನು ನಿಲ್ಲಿಸಿದ ಮೇಲೆ ಬ್ರೇಕಿನ ಬಿಸಿಗೆ ಒಂದಿಷ್ಟು ಕರಗಿ, ನೀರು ಕೆಳಭಾಗಕ್ಕೆ ಇಳಿದು, ರಾತ್ರಿಯ ಚಳಿಯಲ್ಲಿ ಅಲ್ಲಿಯೇ ಗಟ್ಟಿಯಾಗುತ್ತದೆ. ಮರುದಿನ ಊರೊಳಗಿನ ಬೀದಿಗಳಲ್ಲಿ ಏನೂ ತಿಳಿಯುವುದಿಲ್ಲ. ಹೆದ್ದಾರಿಯಲ್ಲಿ ವೇಗ ಏರಿದೊಡನೆ ಸ್ಟೀರಿಂಗ್ ಚಕ್ರ ಅದುರತೊಡಗುತ್ತದೆ; ಹಿಂದಿನ ಗಾಲಿಗಳಲ್ಲಿ ಹಿಮವಿದ್ದರೆ ಆಸನವೇ ನಡುಗುತ್ತದೆ.

ಇದರ ಕಾರಣ ಸರಳವಾದುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸಾಮಾನ್ಯ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಗ ರಿಮ್ಮಿನ ಒಂದೇ ಪಕ್ಕದಲ್ಲಿ ಅಂಟಿದ 100 ಗ್ರಾಂ ಮಂಜುಗಡ್ಡೆಯು ಸುಮಾರು 15 ಕಿಲೋಗ್ರಾಂ ಭಾರದಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಎಳೆಯುತ್ತದೆ. ವೇಗ ಅರ್ಧಕ್ಕೆ ಇಳಿದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಅದೇ ಹಿಮವು ಸುತ್ತಲೂ ಸಮನಾಗಿ ಹರಡಿದ್ದರೆ ಅದುರುವಿಕೆಯೇ ಇರುವುದಿಲ್ಲ. ಕುಂಬಾರನ ತಿಗರಿಯ ಮೇಲೆ ನಡುವಿಗೆ ಕೂಡದ ಮಣ್ಣಿನ ಮುದ್ದೆ ತೊನೆಯುವುದೂ ಹೀಗೆಯೇ. ಭಾರ ತಪ್ಪಲ್ಲ, ವೈಷಮ್ಯವೇ ತಪ್ಪು.

ವಿಚಾರಣೀಯವಾದ ವಿಷಯ ಮುಂದಿನದು. ಗಾಲಿಯ ಸಮತೋಲವನ್ನು ಸರಿಪಡಿಸಲು ರಿಮ್ಮಿಗೆ ಸಣ್ಣ ಲೋಹದ ತೂಕಗಳನ್ನು ಕೂಡಿಸುವ ಪದ್ಧತಿಯುಂಟು. ಮಂಜುಗಡ್ಡೆಯನ್ನು ತೆಗೆಯದೆಯೇ ಈ ಕೆಲಸ ಮಾಡಿದರೆ, ಗಡ್ಡೆಗೆ ಸರಿದೂಗುವಷ್ಟು ತೂಕ ಎದುರು ಪಕ್ಕಕ್ಕೆ ಬೀಳುತ್ತದೆ. ಬಿಸಿಲೇರಿದಾಗ ಗಡ್ಡೆ ಕರಗಿ ಹೋಗುತ್ತದೆ. ತೂಕ ಮಾತ್ರ ಉಳಿಯುತ್ತದೆ. ನಿರ್ದೋಷವಾಗಿದ್ದ ಗಾಲಿ ಈಗ ನಿಜವಾಗಿಯೂ ದೋಷಯುಕ್ತವಾಗುತ್ತದೆ. ಆದುದರಿಂದಲೇ ಬಲ್ಲ ಕೆಲಸಗಾರನು ಮೊದಲು ಗಾಲಿಯನ್ನು ತೊಳೆಯುತ್ತಾನೆ, ಅನಂತರವೇ ತೂಗುತ್ತಾನೆ. ಇನ್ನು ಕೆಲವೊಮ್ಮೆ ಬೆಚ್ಚಗಿನ ಶಾಲೆಯೊಳಗೆ ನಿಂತ ಕಾರಿನ ಹಿಮ ತಾನಾಗಿ ಕರಗಿ, ಪರೀಕ್ಷಿಸುವ ವೇಳೆಗೆ ಯಾವ ದೋಷವೂ ಸಿಗುವುದಿಲ್ಲ. ಆಗ ಕಾರಿನ ಒಡೆಯನನ್ನು ಸುಳ್ಳುಗಾರನೆನ್ನುವುದು ಅನ್ಯಾಯ; ಇಲ್ಲದ ರೋಗಕ್ಕೆ ಚಿಕಿತ್ಸೆ ಹೇಳಿ ಹಣ ಪಡೆಯುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಹಾಗಾದರೆ ಎಲ್ಲ ಅದುರುವಿಕೆಯನ್ನೂ ಹಿಮದ ಮೇಲೆ ಹೊರಿಸಿ ಸುಮ್ಮನಿರಬಹುದೇ? ಸರ್ವಥಾ ಕೂಡದು. ಸಡಿಲವಾದ ಗಾಲಿಯ ನಟ್ಟುಗಳಿಂದಲೂ, ಒಳಗೆ ಹರಿದ ಟೈರಿನಿಂದಲೂ ಇಂಥದೇ ನಡುಕ ಬರುತ್ತದೆ. ಅಲ್ಲಿ ಅಲಕ್ಷ್ಯ ಮಾಡಿದರೆ ತನ್ನ ಪ್ರಾಣಕ್ಕೂ ಪರರ ಪ್ರಾಣಕ್ಕೂ ಅಪಾಯ. ವೇಗ ತಗ್ಗಿಸಿ, ಸುರಕ್ಷಿತ ಸ್ಥಳದಲ್ಲಿ ನಿಂತು, ಗಾಲಿಯ ಒಳಮೈಯನ್ನು ನೋಡಿ, ರಿಮ್ಮಿಗೆ ಗಾಯವಾಗದಂತೆ ಹಿಮವನ್ನು ಕೆರೆದು ತೆಗೆಯಬೇಕು. ಅನಂತರವೂ ನಡುಕ ನಿಲ್ಲದಿದ್ದರೆ ತಜ್ಞರಲ್ಲಿಗೆ ಹೋಗಲೇಬೇಕು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ 2008ರಿಂದ ಚಳಿಗಾಲದ ಟೈರುಗಳನ್ನು ಶಾಸನವು ಕಡ್ಡಾಯಗೊಳಿಸಿದೆ. ಆದರೆ ಮುಂಜಾನೆ ಬಗ್ಗಿ ಗಾಲಿಯೊಳಗೆ ಒಮ್ಮೆ ನೋಡುವ ಎಚ್ಚರವನ್ನು ಶಾಸನವು ಕೊಡಲಾರದು. ಅದು ಅವರವರ ಅಂತಃಸಾಕ್ಷಿಗೆ ಸೇರಿದ್ದು.

ಮನುಷ್ಯರನ್ನು ಅಳೆಯುವಾಗಲೂ ಇದೇ ಕ್ರಮ ಯುಕ್ತವಾದುದು. ನಿದ್ರೆಗೆಟ್ಟವನ ಒಂದು ಕಟುನುಡಿ, ಹಸಿದ ಮಗುವಿನ ಹಟ, ದುಃಖತಪ್ತನ ಮರೆವು ಇವು ಆ ದಿನ ಬಂದು ಅಂಟಿದವುಗಳಾಗಿರಬಹುದು. ಅವನ್ನು ಸ್ವಭಾವವೆಂದು ಬಗೆದು ‘ಇವನು ಕೋಪಿಷ್ಠ’, ‘ಇವನು ಸೋಮಾರಿ’ ಎಂಬ ಹೆಸರನ್ನು ಹೊರಿಸಿದರೆ, ಸಂದರ್ಭ ಕಳೆದ ಮೇಲೆಯೂ ಹೆಸರು ಉಳಿಯುತ್ತದೆ. ಆ ಹೆಸರಿನ ಭಾರಕ್ಕೆ ಅವನ ಬಾಳು ಒಂದು ಪಕ್ಕಕ್ಕೆ ವಾಲಿದರೆ ಹೊಣೆ ಹೊರಿಸಿದವರದು. ದೋಷವನ್ನು ಉಪೇಕ್ಷಿಸುವುದು ಕ್ಷಮೆಯಲ್ಲ, ದೋಷಕ್ಕೆ ಆತುರದಿಂದ ತೂಕ ಕಟ್ಟುವುದು ನ್ಯಾಯವೂ ಅಲ್ಲ. ಮೊದಲು ತೊಳೆದು ನೋಡುವುದು, ಅನಂತರ ತೂಗುವುದು — ವಿವೇಕವೆಂದರೆ ಇಷ್ಟೇ.